ತ್ಸೂಕ್ ಅಂದ್ರೆ ಬರೀ ರೈಲಲ್ಲ

‘ತ್ಸೂಕ್’ ಅಂದ್ರೆ ರೈಲು ಅಂತ ಕಲಿತು ಜರ್ಮನಿಗೆ ಬಂದೆ, ಇಲ್ಲಿ ನೋಡಿದರೆ ಲಿಫ್ಟಿನಲ್ಲೂ ಸಂಬಳದ ಚೀಟಿಯಲ್ಲೂ ಅದೇ ಶಬ್ದ, ಯಾಕೆ ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಶಬ್ದ ಇದು.

ಅಂಗಡಿ ಬಾಗಿಲ ಮೇಲೆ ‘ತ್ಸೀಯೆನ್’ ಅಂತ ಬರೆದಿರುತ್ತದೆ ನೋಡಿ. ಎಳೆಯಿರಿ ಅಂತ ಅರ್ಥ. ತ್ಸೂಕ್ ಹುಟ್ಟಿದ್ದು ಅದರಿಂದಲೇ: ಎಳೆತ. ಇಂಗ್ಲಿಷಿನ ‘ಟಗ್’ ಕೂಡ ಇದೇ ಬೇರಿನದು. ಜರ್ಮನಿಯಲ್ಲಿ ಮೊದಲ ಉಗಿ ರೈಲು ನ್ಯೂರ್ನ್‌ಬೆರ್ಗ್‌ನಿಂದ ಫ್ಯೂರ್ತ್‌ಗೆ ಓಡಿದ್ದು 1835ರಲ್ಲಿ. ಶಬ್ದ ಅದಕ್ಕಿಂತ ಎಷ್ಟೋ ಹಳೆಯದು. ಸ್ವಿಟ್ಜರ್ಲೆಂಡಿನಲ್ಲಿ ಸರೋವರದ ದಡದಲ್ಲಿರುವ ತ್ಸೂಕ್ ಊರಿಗೆ ಆ ಹೆಸರು ಬಂದದ್ದು ಮೀನಿನ ಬಲೆ ಎಳೆಯುವುದರಿಂದ.

ಸಿಗರೇಟಿನ ಒಂದು ದಮ್ಮೂ ತ್ಸೂಕ್. ನಾವೂ ಬೀಡಿ ‘ಎಳೀತೀವಿ’, ಉಸಿರು ‘ಎಳ್ಕೊಳ್ತೀವಿ’ ಅಲ್ವಾ? ಹಾಗಾಗಿ ಕನ್ನಡದವರಿಗೆ ಇದು ಬೇಗ ಹತ್ತುತ್ತದೆ. ಚೆಸ್ಸಿನ ನಡೆಯೂ ತ್ಸೂಕ್. ‘ಜೀ ಜಿಂಟ್ ಆಮ್ ತ್ಸೂಕ್’ ಅಂದರೆ ಈಗ ನಿಮ್ಮ ಸರದಿ. ಮುಖಲಕ್ಷಣಗಳೂ ಅದೇ, ಬಹುವಚನದಲ್ಲಿ.

ಗಾಳಿಯ ತ್ಸೂಕ್ ಮಾತ್ರ ಆಫೀಸಿನಲ್ಲಿ ನೆನಪಿಡಿ. ಎದುರುಬದುರು ಕಿಟಕಿ ತೆರೆದು ಗಾಳಿ ಆಡಿತೋ, ‘ಎಸ್ ತ್ಸೀಟ್!’ (ಗಾಳಿ ಎಳೀತಿದೆ!) ಅಂತ ಯಾರಾದರೂ ಎದ್ದು ಮುಚ್ಚುತ್ತಾರೆ. ಕತ್ತು ಹಿಡಿಯುತ್ತದೆ ಅಂತ ಅವರ ಗಟ್ಟಿ ನಂಬಿಕೆ. ನಿಮ್ಮ ಮೇಲಿನ ಸಿಟ್ಟಲ್ಲ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಕೇಳಿ ತೆರೆಯಿರಿ, ಸಾಕು.

ಇನ್ನು, ತ್ಸೂಕ್‌ನ ಮುಂಭಾಗಕ್ಕೆ ಒಂದು ತುಣುಕು ಅಂಟಿದ ಶಬ್ದಗಳು. ‘ಔಫ್‌ತ್ಸೂಕ್’ ಮೇಲಕ್ಕೆಳೆಯುವುದು, ಅಂದರೆ ಲಿಫ್ಟ್; ಬೆಂಕಿ ಬಿದ್ದಾಗ ಬಳಸಬೇಡಿ ಅನ್ನೋ ಫಲಕದಲ್ಲಿ ದಿನಾ ಕಾಣುತ್ತದೆ. ‘ಆನ್‌ತ್ಸೂಕ್’ ಅಂದರೆ ಸೂಟು. ಸಂಬಳದ ಚೀಟಿಯ ‘ಆಪ್‌ತ್ಸ್ಯೂಗ’ ಅಂದರೆ ಕಡಿತಗಳು: ಆದಾಯ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಆರೈಕೆ ವಿಮೆ (ಮುಪ್ಪಿನಲ್ಲೋ ಕಾಯಿಲೆಯಲ್ಲೋ ನೋಡಿಕೊಳ್ಳುವವರ ಖರ್ಚಿಗೆ). ಮೊದಲ ತಿಂಗಳು ಎದೆ ಧಸಕ್ಕೆನ್ನುತ್ತದೆ, ಆದರೆ ಸಾಲುಸಾಲಾಗಿ ಓದಿ.

‘ಉಮ್‌ತ್ಸೂಕ್’ ಮೆರವಣಿಗೆಯೂ ಹೌದು, ಮನೆ ಬದಲಾಯಿಸುವುದೂ ಹೌದು. ಮನೆ ಬದಲಾಯಿಸಿದರೆ 2 ವಾರದೊಳಗೆ ಹೊಸ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು. ಕೀಲಿ ತಗೊಳ್ಳುವ ದಿನವೇ ಕೇಳಿಬಿಡಿ.

ಹಳೇ ಕಾರು ಕೊಳ್ಳುವಾಗ ಕರಾರಿನಲ್ಲಿ ‘ತ್ಸೂಕ್ ಉಮ್ ತ್ಸೂಕ್’ ಅಂತಿದ್ದರೆ, ಈ ಕೈಲಿ ಕೊಟ್ಟು ಆ ಕೈಲಿ ತಗೊಳ್ಳೋದು ಅಂತ. ಕಾರು, ಕಾಗದ ಕೈಗೆ ಬರುವಾಗಲೇ ಹಣ ಕೊಡಿ, ಮುಂಚೆ ಬೇಡ.