ಬೊಮ್ಮ, ತಾಟೆ ಮೀನು ಮತ್ತು ಎದೆಯ ಹಣತೆ

ಇತ್ತೀಚೆಗೆ ಖುಷಿಯಿಂದ ಓದಿದ ಪುಸ್ತಕಗಳ ಬಗ್ಗೆ ಹೇಳಿ ಅಂತ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ನಾನು ಸಾಹಿತ್ಯ ಕಲಿಸುವವಳಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಮೆಡಿಕಲ್ ಶಾಪ್ ನೋಡಿಕೊಳ್ಳುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳು ಕಮ್ಮಿ. ಆಗ ಕೌಂಟರಿನ ಹಿಂದೆ ಕೂತು ಓದುವುದು. ಯಾವ ಪುಸ್ತಕಕ್ಕೂ ನನ್ನದು ಒಂದೇ ಪ್ರಶ್ನೆ: ಇದು ಇವರಿಗೆ ಗೊತ್ತಾಗಿದ್ದು ಹೇಗೆ? ಆ ದಾರಿಯನ್ನು ತೋರಿಸುವ ಪುಸ್ತಕ ನನಗೆ ಇಷ್ಟ.

ಪ್ರಶ್ನೆ: ಮೇಡಂ, ನಮ್ಮ ಊರಿನ ಇತಿಹಾಸ ಅಂದ್ರೆ ರಾಜರು, ಕೋಟೆ, ಯುದ್ಧ, ಇಸವಿ. ಅದು ಬಿಟ್ಟು ಬೇರೆ ಥರದ್ದು ಏನಾದ್ರೂ ಉಂಟಾ?
– ಪದವಿ ವಿದ್ಯಾರ್ಥಿ, ಸುರತ್ಕಲ್

ಉಂಟು. ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್'. ನಾನು ಓದಿದ್ದು ಇಂಗ್ಲಿಷಿನಲ್ಲಿ. ಸುಲಭದ ಇಂಗ್ಲಿಷ್, ಹೆದರಬೇಡಿ.

12ನೇ ಶತಮಾನದಲ್ಲಿ ಟುನೀಶಿಯಾ ಕಡೆಯ ಒಬ್ಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ನೆಲೆಸಿದ. ಹೆಸರು ಅಬ್ರಹಾಂ ಬೆನ್ ಯಿಜು. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮೆನ್‌ನ ಏಡನ್ ಬಂದರಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. ಏಡನ್‌ನಿಂದ ಅವನಿಗೆ ಬರುತ್ತಿದ್ದುದು ಕಾಗದ, ಸಕ್ಕರೆ, ಒಣದ್ರಾಕ್ಷಿ. 1132ರಲ್ಲಿ ಅವನು ಆಶು ಎಂಬ ಹೆಂಗಸನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ಪತ್ರ ಇಂದಿಗೂ ಉಳಿದಿದೆ. ಅವಳನ್ನೇ ಅವನು ಮದುವೆಯಾದ ಅಂತ ಘೋಷ್ ಲೆಕ್ಕ ಹಾಕುತ್ತಾರೆ. ಮಕ್ಕಳೂ ಆದರು. 1149ರಲ್ಲಿ ಅವನು ಏಡನ್‌ಗೆ ವಾಪಸ್ ಹೋದ.

ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ? ದೇವರ ಹೆಸರಿರುವ ಕಾಗದವನ್ನು ಬಿಸಾಡಬಾರದು ಅಂತ ಯಹೂದಿಗಳಲ್ಲಿ ಒಂದು ನಿಯಮ. ಹಾಗಾಗಿ ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಒಂದು ಕೋಣೆಯೊಳಗೆ ಬೇಡವಾದ ಕಾಗದಗಳನ್ನೆಲ್ಲ ಹಾಕುತ್ತಾ ಬಂದರು. ಲೆಕ್ಕದ ಚೀಟಿ, ವ್ಯಾಪಾರದ ಪತ್ರ, ಮದುವೆ ಕರಾರು, ಎಲ್ಲವೂ ಅದರೊಳಗೆ. 1896-97ರಲ್ಲಿ ಶೆಕ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಆ ರಾಶಿಯಲ್ಲಿ.

ಆದರೆ ಘೋಷ್ ಬೆನ್ನು ಹತ್ತಿದ್ದು ವ್ಯಾಪಾರಿಯನ್ನಲ್ಲ, ಅವನ ಆಳನ್ನು, ಒಬ್ಬ ಗುಲಾಮನನ್ನು. 1148ರಲ್ಲಿ ಏಡನ್‌ನಿಂದ ಮಂಗಳೂರಿಗೆ ಬಂದ ಒಂದು ಪತ್ರದಲ್ಲಿ, ವ್ಯಾಪಾರದ ಮಾತು ಮುಗಿದ ಮೇಲೆ, ಬರೆದವನು ಆ ಆಳಿಗೂ ನಮಸ್ಕಾರ ತಿಳಿಸಿದ್ದಾನೆ. ಸುಮ್ನೆ ಒಂದು ಸಾಲು. ಆ ಸಾಲು ಮನಸ್ಸಿನಲ್ಲಿ ಕೂತ ಮೇಲೆ ಘೋಷ್ ಅರಬ್ಬಿ ಕಲಿತರು, ಈಜಿಪ್ಟಿನ ಹಳ್ಳಿಗೆ ಹೋದರು. ಹೀಬ್ರೂ ಅಕ್ಷರದಲ್ಲಿ ಬರೆದ ಅರಬ್ಬಿಯನ್ನು ಓದಲು ಕಲಿತರು. ಹಳ್ಳಿಯ ರೈತರ ಆಡುಮಾತೇ ಆ ಹಳೇ ಪತ್ರಗಳನ್ನು ಓದಲು ಸಹಾಯಕ್ಕೆ ಬಂತು ಅನ್ನುತ್ತಾರೆ. ಕೊನೆಗೆ ಮಂಗಳೂರಿಗೂ ಬಂದರು. ಆ ಆಳು ನಮ್ಮ ತುಳುನಾಡಿನವನು, ಬೊಮ್ಮ, ಅನ್ನುವ ತೀರ್ಮಾನಕ್ಕೆ ಬಂದರು.

ಬೊಮ್ಮ ಸುಮ್ಮನಿರುವ ಜನ ಅಲ್ಲ. ದಣಿಯ ಸರಕು ತೆಗೆದುಕೊಂಡು ಸಮುದ್ರ ದಾಟಿ ಏಡನ್‌ಗೆ ಹೋದಾಗ ಕುಡಿದು, ಅಲ್ಲಿನ ದೊಡ್ಡ ವ್ಯಾಪಾರಿಯ ಕಚೇರಿಗೇ ಹೋಗಿ ಇನ್ನಷ್ಟು ದುಡ್ಡು ಕೊಡಿ ಅಂತ ಪಟ್ಟು ಹಿಡಿದನಂತೆ. ಆ ವ್ಯಾಪಾರಿ ಬೆನ್ ಯಿಜುವಿಗೆ ಬರೆದ ದೂರು ಉಳಿದಿದೆ. ದಣಿ ಅವನನ್ನು ಕೈಬಿಡಲಿಲ್ಲ. ಮುಂದೆ ಬೊಮ್ಮನ ಹೆಸರು ಪತ್ರಗಳಲ್ಲಿ ಮರ್ಯಾದೆಯಿಂದಲೇ ಬರುತ್ತದೆ. ಆಗಿನ ಕಾಲದ ಗುಲಾಮತನ ನಾವು ಸಿನಿಮಾದಲ್ಲಿ ನೋಡುವ ಸರಪಳಿಯ ಗುಲಾಮತನದ ಥರ ಇರಲಿಲ್ಲ, ನಂಬಿಕೆಯ ಏಜೆಂಟನ ಕೆಲಸವೂ ಅದರಲ್ಲಿ ಸೇರಿತ್ತು ಅಂತ ಘೋಷ್ ಬಿಡಿಸಿ ಹೇಳುತ್ತಾರೆ.

ನನಗೆ ಒಂದು ಕೊರತೆ ಅನಿಸಿತು. ಈಜಿಪ್ಟಿನ ಹಳ್ಳಿಯ ಭಾಗ ಧಾರಾಳ, ಮಂಗಳೂರಿನ ಭಾಗ ಕಮ್ಮಿ. ಆಶು ಬಗ್ಗೆ ಇನ್ನೂ ತಿಳಿಯಬೇಕಿತ್ತು. ಆದರೆ ಬೆನ್ ಯಿಜುವಿನ ಪತ್ರಗಳಲ್ಲಿ ಅವಳ ವಿಷಯವೇ ಹೆಚ್ಚಿಲ್ಲ. ಇಲ್ಲದ್ದನ್ನು ಘೋಷ್ ಹುಟ್ಟಿಸಿಕೊಂಡು ಬರೆಯಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ನಮ್ಮ ಅಂಗಡಿಯಿಂದ ಬಂದರಿನ ಕಡೆ ನಡೆದರೆ ಈಗಲೂ ಅಡಿಕೆ, ಮೆಣಸಿನ ವಾಸನೆ ಬರುತ್ತದೆ. ಈ ಪುಸ್ತಕ ಓದಿದ ಮೇಲೆ ಆ ರಸ್ತೆಯಲ್ಲಿ ನಾನು ನಿಧಾನ ನಡೆಯುತ್ತೇನೆ.

ಪ್ರಶ್ನೆ: ಪುಸ್ತಕ ಅರ್ಧಕ್ಕೆ ಬಿಟ್ಟರೆ ತಪ್ಪಾ? ಮನೆಯಲ್ಲಿ ಎಲ್ಲರೂ ಬೈತಾರೆ.
– ಗೃಹಿಣಿ, ಬಂಟ್ವಾಳ

ತಪ್ಪಿಲ್ಲ. ಬಿಡಿ. ಒಂದೆರಡು ವರ್ಷ ಬಿಟ್ಟು ಮತ್ತೆ ಕೈಗೆತ್ತಿಕೊಳ್ಳಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಬೂಕರ್ ಬಂದ ಮೇಲೆ ಬಾನು ಮುಷ್ತಾಕ್ ಅವರ ಕತೆ ಓದಿದೆ. ಮನಸ್ಸು ಭಾರ ಆಯ್ತು. ನಿಮಗೆ ಏನನಿಸಿತು ಅಕ್ಕ? ಕತೆಗೂ 'ಗೊತ್ತಾಗಿದ್ದು ಹೇಗೆ' ಅಂತ ಕೇಳ್ತೀರಾ?
– ಬೀಡಿ ಕಟ್ಟುವ ಕೆಲಸದವರು, ಉಳ್ಳಾಲ

ಖಂಡಿತ ಕೇಳುತ್ತೇನೆ. ಕತೆಗೇ ಜಾಸ್ತಿ ಕೇಳಬೇಕು.

2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾನು ಅಂಗಡಿಯಲ್ಲೇ ಸಿಕ್ಕಿದವರಿಗೆಲ್ಲ ಹೇಳಿದ್ದೆ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಅದೇ ಮೊದಲು. ಕತೆಗಳ ಸಂಕಲನಕ್ಕೆ ಬಂದದ್ದೂ ಮೊದಲು. ಹನ್ನೆರಡು ಕತೆಗಳನ್ನು ಆರಿಸಿ ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಆದರೆ ನೀವು ಕನ್ನಡದಲ್ಲೇ ಓದಿ. ನಮಗೆ ಮೂಲವೇ ಕೈಯಲ್ಲಿರುವಾಗ ಅನುವಾದ ಯಾಕೆ?

'ಎದೆಯ ಹಣತೆ' ಕತೆ ತೆಗೆದುಕೊಳ್ಳಿ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕೈಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣ ತಮ್ಮಂದಿರಿಗೆ ಅವಳ ದುಃಖಕ್ಕಿಂತ ಮನೆತನದ ಮರ್ಯಾದೆಯ ಚಿಂತೆ. ಅವಳನ್ನು ವಾಪಸ್ ಗಂಡನ ಮನೆಗೆ ತಲುಪಿಸುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ತಡೆಯುವುದು ಯಾರು? ದೊಡ್ಡ ಮಗಳು ಸಲ್ಮಾ. ಮನೆ ತುಂಬ ದೊಡ್ಡವರಿದ್ದರೂ ಅವಳ ಸಂಕಟ ಸರಿಯಾಗಿ ಕಂಡದ್ದು ಒಂದು ಹುಡುಗಿಗೆ ಮಾತ್ರ.

ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಬಂಡಾಯ ಸಾಹಿತ್ಯ ಚಳವಳಿಯಲ್ಲಿ ಬೆಳೆದವರು. ಕಷ್ಟ ಹೊತ್ತು ಬಂದ ಹೆಂಗಸರ ಎದುರು ಕೂತು ಕೇಳಿದವರು. ಈ ಕತೆಗಳಲ್ಲಿ ಆ ಕೇಳುವಿಕೆ ಉಂಟು. ತವರಿನ ಹೊಸ್ತಿಲಲ್ಲಿ ನಿಂತ ಹೆಣ್ಣಿಗೆ ಯಾರು ಯಾವ ಮಾತು ಹೇಳುತ್ತಾರೆ, ಯಾರು ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾರೆ ಅನ್ನುವುದು ಊಹೆ ಮಾಡಿ ಬರೆಯಲು ಆಗುವಂಥದ್ದಲ್ಲ.

ಇದು ಮುಸ್ಲಿಂ ಹೆಣ್ಣುಮಕ್ಕಳ ಕತೆ ಅಂತ ಕೆಲವರು ಬದಿಗಿಡುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. "ಸ್ವಲ್ಪ ಹೊಂದಿಕೊಂಡು ಹೋಗು" ಅಂತ ಮಗಳನ್ನು ಬಸ್ಸು ಹತ್ತಿಸಿ ಕಳಿಸುವುದು ನಮ್ಮ ಯಾವ ಜಾತಿಯ ಮನೆಯಲ್ಲಿ ನಡೆಯುವುದಿಲ್ಲ ಹೇಳಿ? ನಿದ್ದೆ ಮಾತ್ರೆಗೆ ಚೀಟಿ ಹಿಡಿದುಕೊಂಡು ಕೌಂಟರಿಗೆ ಬರುವ ಹೆಂಗಸರ ಮುಖ ನಾನು ದಿನಾ ನೋಡುತ್ತೇನೆ.

ಮನಸ್ಸು ಭಾರ ಆಯ್ತು ಅಂದಿರಿ. ಅದಾದ ಮೇಲೂ ಓದುವ ಧೈರ್ಯ ಇದ್ದರೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದವರು, 2023ರಲ್ಲಿ ತೀರಿಕೊಂಡರು. ಅದರ ನಾದಿರಾ ನಿಮ್ಮ ಊರಿನ ಹುಡುಗಿಯೇ ಅನಿಸುತ್ತಾಳೆ. ಅಪ್ಪನ ಹಟಕ್ಕೆ ಅವಳ ಸಂಸಾರ ಒಡೆಯುವುದನ್ನು ಸಾರಾ ಒಂದು ಹೆಚ್ಚಿನ ಮಾತಿಲ್ಲದೆ ಬರೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಈ ದಾರಿ ತೆರೆದವರು ಅವರು. ಬೂಕರ್ ಸಂಭ್ರಮದಲ್ಲಿ ಅವರನ್ನು ಇನ್ನೂ ಜಾಸ್ತಿ ನೆನೆಯಬೇಕಿತ್ತು.

ಪ್ರಶ್ನೆ: ಸಯನ್ಸ್ ಪುಸ್ತಕ ನಮ್ಮಂಥವರಿಗೆ ಯಾಕೆ ಮಾರ್ರೆ? ಓದಿದ್ರೂ ದಿನನಿತ್ಯಕ್ಕೆ ಏನು ಉಪಯೋಗ?
– ಬೋಟಿನ ಮಾಲೀಕರು, ಮಲ್ಪೆ

ನಿಮ್ಮಂಥವರಿಗೇ ಹೇಳಿ ಬರೆಸಿದ ಹಾಗಿರುವ ಪುಸ್ತಕ ಒಂದುಂಟು. ನೀಲ್ ಶೂಬಿನ್ 2008ರಲ್ಲಿ ಬರೆದ 'ಯುವರ್ ಇನ್ನರ್ ಫಿಶ್'. ನಮ್ಮ ಮೈಯೊಳಗೆ ಮೀನು ಎಷ್ಟು ಉಳಿದಿದೆ ಅನ್ನುವುದೇ ಅದರ ವಿಷಯ.

ಮೊದಲು ಅವರು ಹುಡುಕಿದ ದಾರಿ ಕೇಳಿ. ಸುಮಾರು 38.5 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಮೀನಿನ ಪಳೆಯುಳಿಕೆ ಸಿಗುತ್ತದೆ. 36.5 ಕೋಟಿ ವರ್ಷದ ಕಲ್ಲುಗಳಲ್ಲಿ ಕಾಲಿರುವ ಪ್ರಾಣಿ ಸಿಗುತ್ತದೆ. ಹಾಗಾದರೆ ಮೀನಿಗೆ ಕಾಲು ಬರತೊಡಗಿದ್ದು ಆ ನಡುವೆ. ಅದೇ ವಯಸ್ಸಿನ ಕಲ್ಲು ಭೂಮಿಯ ಮೇಲೆ ಎಲ್ಲೆಲ್ಲಿ ಹೊರಗೆ ಕಾಣುತ್ತದೆ ಅಂತ ಹುಡುಕಿದರು. ಕಾಲೇಜಿನ ಒಂದು ಸಾದಾ ಭೂವಿಜ್ಞಾನ ಪಠ್ಯಪುಸ್ತಕದ ನಕಾಶೆಯಲ್ಲಿ ಉತ್ತರ ಸಿಕ್ಕಿತು. ಉತ್ತರ ಧ್ರುವದ ಹತ್ತಿರ, ಕೆನಡಾದ ಎಲ್ಸ್ಮಿಯರ್ ದ್ವೀಪದ ಕಡೆ. 1999ರಿಂದ ಹೋಗಿ ಬಂದರು, ಬೇಕಾದದ್ದು ಸಿಗಲಿಲ್ಲ. 2004ರಲ್ಲಿ ಸಿಕ್ಕಿತು. ಚಪ್ಪಟೆ ತಲೆ, ಮೈತುಂಬ ಹುರುಪೆ, ರೆಕ್ಕೆ ಎಲ್ಲ ಮೀನಿನದ್ದೇ. ಆದರೆ ಕುತ್ತಿಗೆ ಉಂಟು! ರೆಕ್ಕೆಯೊಳಗೆ ಮಣಿಕಟ್ಟಿನ ಮೂಳೆ ಉಂಟು. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಹಿರಿಯರು ಅದಕ್ಕೆ ಟಿಕ್ಟಾಲಿಕ್ ಅಂತ ಹೆಸರು ಕೊಟ್ಟರು. ಎಲ್ಲಿ ಹುಡುಕಿದರೆ ಏನು ಸಿಗಬೇಕು ಅಂತ ಮೊದಲೇ ಹೇಳಿ, ಹೋಗಿ ತಂದು ತೋರಿಸುವುದು. ವಿಜ್ಞಾನದಲ್ಲಿ ನನಗೆ ಅತಿ ಚಂದ ಕಾಣುವುದು ಇದೇ.

ಉಪಯೋಗ ಕೇಳಿದಿರಲ್ಲ? ನಮ್ಮ ಅಂಗಡಿಯಲ್ಲಿ ಹರ್ನಿಯಾ ಬೆಲ್ಟ್ ಮಾರುತ್ತೇವೆ. ತೊಡೆಸಂದಿನ ಹರ್ನಿಯಾ ಗಂಡಸರಿಗೇ ಯಾಕೆ ಜಾಸ್ತಿ? ಶೂಬಿನ್ ಹೇಳುವ ಕಾರಣ ಇದು. ಮೀನಿಗೆ ವೃಷಣ ಇರುವುದು ಮೇಲೆ, ಯಕೃತ್ತಿನ (ಲಿವರಿನ) ಹತ್ತಿರ ಎದೆಯ ಕಡೆ. ನಮಗೂ ತಾಯಿಯ ಹೊಟ್ಟೆಯಲ್ಲಿ ಅದು ಶುರುವಾಗುವುದು ಮೇಲೆಯೇ. ಆಮೇಲೆ ಕೆಳಗೆ ಇಳಿಯುತ್ತಾ ಬರುತ್ತದೆ. ಇಳಿದ ದಾರಿಯಲ್ಲಿ ಹೊಟ್ಟೆಯ ಗೋಡೆ ದುರ್ಬಲವಾಗಿ ಉಳಿಯುತ್ತದೆ. ಭಾರ ಎತ್ತಿದಾಗ ಕರುಳು ಅಲ್ಲೇ ಹೊರಗೆ ನುಗ್ಗುವುದು.

ಓದಿದ್ದನ್ನು ಕಣ್ಣಲ್ಲಿ ನೋಡಬೇಕು ಅನಿಸಿತು. ಮಳೆಗಾಲದ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದ ಮೇಲೆ ಬೆಳಿಗ್ಗೆ ದಕ್ಕೆಗೆ ಹೋದೆ. ಮೀನು ಕೊಯ್ಯುವ ಅಕ್ಕ ಒಬ್ಬರ ಹತ್ತಿರ ಸಣ್ಣ ತಾಟೆ, ಅಂದರೆ ಶಾರ್ಕ್ ಮೀನು, ಇತ್ತು. "ಹೊಟ್ಟೆ ನಿಧಾನ ಸೀಳಿ ಅಕ್ಕ, ನನಗೆ ನೋಡಬೇಕು" ಅಂದೆ. ಅವರು ಮಣೆಕತ್ತಿಗೆ ಒರಗಿಸಿ ಗಂಟಲಿನಿಂದ ಒಂದೇ ಎಳೆತಕ್ಕೆ ಬಿಡಿಸಿದರು. ಮೊದಲು ಕಾಣುವುದೇ ಯಕೃತ್ತು. ಬೂದು ಬಣ್ಣ, ಎರಡು ಉದ್ದ ಹಾಳೆ, ಹೊಟ್ಟೆಯ ಅರ್ಧ ಜಾಗ ಅದಕ್ಕೇ. ಬೆರಳಿನಿಂದ ಅದನ್ನು ಎತ್ತಿ ಹಿಡಿದರು. ಅದರ ಹಿಂದೆ, ಬೆನ್ನಿಗೆ ಅಂಟಿಕೊಂಡು ಎರಡು ಬಿಳಿ ಪಟ್ಟಿ. "ಇದು ಗಂಡು, ಇದು ನೋಡಿ" ಅಂದರು. ಅವರಿಗೆ ಅದು ದಿನಾ ಕಾಣುವ ಸಂಗತಿ. ಬೆಲ್ಟಿನ ವಿಷಯ ಹೇಳಿದೆ. ಕತ್ತಿ ಬದಿಗಿಟ್ಟು ಪೂರ್ತಿ ಕೇಳಿದರು. ಅವರ ಗಂಡನಿಗೂ ಆ ಆಪರೇಶನ್ ಆಗಿದೆಯಂತೆ.

ನಿಮ್ಮ ಬೋಟಿನವರೂ ನಿತ್ಯ ಮಣಭಾರ ಬಲೆ ಎಳೆಯುವವರು. ಓದಿ ನೋಡಿ, ಅವರಿಗೂ ಹೇಳಿ.

ಪ್ರಶ್ನೆ: ಕನ್ನಡದಲ್ಲೇ ಬರೆದ ವಿಜ್ಞಾನದ ಪುಸ್ತಕ ಒಂದು ಹೇಳಿ. ಅನುವಾದ ಬೇಡ.
– ನಿವೃತ್ತ ಅಂಚೆ ನೌಕರರು, ಕಾರ್ಕಳ

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟರ ಪುಸ್ತಕ. ಗಿಡದ ಚಿತ್ರಗಳೂ ಅವರದೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಘಟ್ಟದ ಬುಡದಲ್ಲೇ ಇದ್ದೀರಿ, ಓದಿಕೊಂಡು ಗುಡ್ಡೆಗೆ ಹೋಗಿ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಓದಿ ಹೇಳುವಂಥ ಇತಿಹಾಸ ಬೇಕು. ನಮ್ಮ ಕಡೆಯದ್ದೇ ಆಗಿರಲಿ. ಯುದ್ಧ ಬೇಡ.
– ಶಿಕ್ಷಕಿ, ಬ್ರಹ್ಮಾವರ

ನಿಮಗೆ ಪಿಯೆತ್ರೋ ದೆಲ್ಲಾ ವಾಲ್ಲೆ ಸಿಗಬೇಕು. ಇಟಲಿಯ ಪ್ರವಾಸಿ. 1623ರಲ್ಲಿ ಗೋವಾದಿಂದ ಇಕ್ಕೇರಿಗೆ ಹೋಗಿ, ಅಲ್ಲಿಂದ ನಮ್ಮ ಕರಾವಳಿಗೆ ಇಳಿದ. ಊರಿನ ಗೆಳೆಯನಿಗೆ ಪತ್ರ ಬರೆಯುತ್ತಾ ಬಂದ. ಪರ್ಶಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಈ ಪ್ರವಾಸದ ಉದ್ದಕ್ಕೂ ಜೊತೆಗೇ ಒಯ್ದ ಮನುಷ್ಯ ಅವನು. ಅದನ್ನು ಮಕ್ಕಳಿಗೆ ಹೇಳಬೇಡಿ, ನೀವು ತಿಳಿದಿರಿ.

ಮಕ್ಕಳಿಗೆ ಎರಡು ಜಾಗ ಓದಿ. ಒಂದು, ಮಾನೆಲ್ ಎಂಬ ಊರಿನಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಂಡದ್ದು. ಸಿಂಹಾಸನ ಗಿಂಹಾಸನ ಏನಿಲ್ಲ. ರಾಣಿ ಬರಿಗಾಲಲ್ಲಿ ನಡೆದುಕೊಂಡು ಗದ್ದೆಯ ಕಡೆ ಕಾಲುವೆ ಕೆಲಸ ನೋಡಲು ಹೊರಟಿದ್ದರು. ದಾರಿಯಲ್ಲೇ ನಿಂತು ಅವನನ್ನು ಮಾತಾಡಿಸಿದರು.

ಇನ್ನೊಂದು ಇಕ್ಕೇರಿಗೆ ಹೋಗುವಾಗ ಕಂಡದ್ದು. ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ನೆಲದ ಮೇಲೆ ತೆಳುವಾಗಿ ಮರಳು ಹರಡಿದ್ದಾರೆ. ಒಬ್ಬ ರಾಗವಾಗಿ ಪಾಠ ಹೇಳುತ್ತಾ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡಿ, ಅದನ್ನೇ ಬರೆಯುತ್ತಾರೆ. ಜಾಗ ತುಂಬಿದರೆ ಒರೆಸಿ ಮತ್ತೆ ಮರಳು. ಕಾಗದ, ಮಸಿ, ಲೇಖನಿ ಹಾಳಾಗುವುದಿಲ್ಲ ಅಂತ ಅವನಿಗೆ ಬೆರಗು. ಮೇಷ್ಟ್ರು ಇಲ್ಲವಲ್ಲ, ಮರೆತರೆ ತಿದ್ದುವವರು ಯಾರು ಅಂತ ಕೇಳುತ್ತಾನೆ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದಕ್ಕೆ ಸಾಧ್ಯವಿಲ್ಲವಲ್ಲ ಅನ್ನುತ್ತಾರೆ ಹುಡುಗರು.

ಇಂಗ್ಲಿಷಿನಲ್ಲಿ ಹ್ಯಾಕ್ಲೂಟ್ ಸೊಸೈಟಿ 1892ರಲ್ಲಿ ಎರಡು ಸಂಪುಟ ತಂದಿದೆ. ಇಂಟರ್ನೆಟ್ಟಿನಲ್ಲಿ ದುಡ್ಡು ಕೊಡದೆ ಓದಬಹುದು. ಇಂಗ್ಲಿಷ್ ಹಳೇ ಕಾಲದ್ದು, ಹಾಗಾಗಿ ನೀವೇ ಮೊದಲು ಓದಿಕೊಂಡು ನಿಮ್ಮ ಮಾತಿನಲ್ಲಿ ಹೇಳಿ. ಸಾಧ್ಯವಾದರೆ ಒಂದು ಬುಟ್ಟಿ ಮರಳು ತರಿಸಿ, ಜಗಲಿಯಲ್ಲಿ ಹರಡಿ, ಮಕ್ಕಳಿಂದ ಮಗ್ಗಿ ಬರೆಸಿ. ಅವರು ಏನಂದರು ಅಂತ ನನಗೆ ಪತ್ರ ಬರೆಯಿರಿ.