ನಿವೃತ್ತ ಸೇನಾಧಿಕಾರಿಗಳ ಸಂಘಕ್ಕೆ ಸದಸ್ಯನಾದರೆ ನನಗೇನು ಲಾಭ?

ಮುಂದಿನ ವರ್ಷ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾಗಿ ವಿಜಯಪುರಕ್ಕೆ ಮರಳುತ್ತೇನೆ, ರಾಜ್ಯದ ನಿವೃತ್ತ ಅಧಿಕಾರಿಗಳ ಸಂಘಕ್ಕೆ ಶುಲ್ಕ ಕಟ್ಟಿದರೆ ನನಗೆ ಬರುವುದೇನು, ಬೆನ್ನುನೋವಿನ ಡಿಸೆಬಿಲಿಟಿ ಪಿಂಚಣಿಯನ್ನು ನಾನೊಬ್ಬನೇ ನೋಡಿಕೊಳ್ಳಬಾರದೇ ಎಂದು ಕೇಳಿದ್ದೀರಿ. 2007ರಲ್ಲಿ ನಿವೃತ್ತನಾದಾಗ ನಾನೂ ಇದೇ ಮಾತನ್ನು, ಬಹುಶಃ ಇನ್ನೂ ಸ್ವಲ್ಪ ಜಂಬದಿಂದಲೇ ಆಡಿದ್ದೆ.

ನಾನು ಬೈಲಹೊಂಗಲ ತಾಲ್ಲೂಕಿನವನು. 1963ರಲ್ಲಿ ಆರಂಭವಾದ ಬಿಜಾಪುರದ ಸೈನಿಕ ಶಾಲೆಯ ಮೊದಮೊದಲ ತಂಡಗಳಲ್ಲಿ ಓದಿ, 1975ರ ಕೊನೆಗೆ ಆರ್ಟಿಲರಿಗೆ ಕಮಿಷನ್ ಪಡೆದು, ತೋಪುಗಳ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದವನು. ಎಡಗಿವಿ ಯಾವಾಗ ಕೈಕೊಟ್ಟಿತೆಂದು ನನಗೇ ತಿಳಿಯಲಿಲ್ಲ. ಪಕ್ಕದ ಕೋಣೆಯಲ್ಲಿ ಕುಕ್ಕರ್ ಐದನೆಯ ಸೀಟಿ ಹೊಡೆದರೂ ನಾನು ಪೇಪರು ಓದುತ್ತ ಕದಲದೆ ಕುಳಿತಿದ್ದುದನ್ನು ಕಂಡು ಮೊದಲು ಗುರುತಿಸಿದವರು ನಮ್ಮ ಮನೆಯವರು. ನಿವೃತ್ತಿಯ ಹೊತ್ತಿನ ವೈದ್ಯಕೀಯ ಮಂಡಳಿಯು ಶೇಕಡಾ 30ರಷ್ಟು ನ್ಯೂನತೆ, ಜೀವನಪರ್ಯಂತ ಎಂದು ಬರೆಯಿತು. ಕೊನೆಯ ಕಾಲಮ್ಮಿನಲ್ಲಿ ಮಾತ್ರ ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬರೆದು ಮುಗಿಸಿತು. ನಮ್ಮವರು ಇದನ್ನು ಅದರ ಇಂಗ್ಲಿಷ್ ಮೊದಲಕ್ಷರಗಳಿಂದ 'ನಾನಾ' ಎನ್ನುತ್ತಾರೆ. ನ್ಯೂನತೆ ಪಿಂಚಣಿಗೆ ಬೇಕಾದ ಶೇಕಡಾ 20ಕ್ಕಿಂತ ಕಡಿಮೆ ಇಲ್ಲದಿದ್ದರೂ ಈ ನಾನಾ ಎಂಬ ಎರಡಕ್ಷರ ಬಿದ್ದರೆ ಪಿಂಚಣಿಯಿಲ್ಲ.

ಕೆಲವು ವಾರಗಳಲ್ಲಿ ನಿರಾಕರಣೆಯ ಪತ್ರ ಬಂತು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂಬ ಒಂದು ಸಾಲು ಅದರ ತಳದಲ್ಲಿತ್ತು. ನಾನು ಅದನ್ನು ಓದಿದೆ, ಮಡಚಿದೆ, ಟ್ರಂಕಿನಲ್ಲಿಟ್ಟೆ.

ಇಲ್ಲಿ ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಇದನ್ನು ಸೋಮಾರಿತನವೆಂದು ತಿಳಿಯುತ್ತಾರೆ. ನಾನು ಸುಮ್ಮನೆ ಕೂರಲಿಲ್ಲ. ಏಳು ವರ್ಷ ಬರೆದೆ. ಮಂತ್ರಿಗಳಿಗೆ ಬರೆದೆ, ಸಂಸದರಿಗೆ ಬರೆದೆ, ದೆಹಲಿಯ ಕಚೇರಿಗಳಿಗೆ ಬರೆದೆ. ನನ್ನ ಹೆಸರು, ಹುದ್ದೆ ಅಚ್ಚಾದ ದಪ್ಪ ಕಾಗದದಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ, ಯಾವ ಯಾವ ಬೆಟ್ಟದ ಮೇಲೆ ಯಾವ ಚಳಿಯಲ್ಲಿ ತೋಪು ಹಾರಿಸಿದೆವೆಂದು ಬರೆದೆ. ಪ್ರತಿ ಬಾರಿಯೂ ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗಿದೆ ಎಂಬ ಉತ್ತರ ಬರುತ್ತಿತ್ತು, ಪ್ರತಿ ಬಾರಿಯೂ ಕೆಲಸ ನಡೆಯುತ್ತಿದೆ ಎಂದು ನಾನು ನಂಬುತ್ತಿದ್ದೆ. ಆ ನಲವತ್ತೋ ಐವತ್ತೋ ಪತ್ರಗಳಲ್ಲಿ ಒಂದರ ಮೇಲೂ 'ಮೊದಲ ಮೇಲ್ಮನವಿ' ಎಂಬ ಶೀರ್ಷಿಕೆಯಿರಲಿಲ್ಲ. ಒಂದಕ್ಕೂ ಮಂಡಳಿಯ ವರದಿಯ ಪ್ರತಿ ಲಗತ್ತಿಸಿರಲಿಲ್ಲ. ಭರ್ತಿಯಾಗುವಾಗ ನನ್ನ ಕಿವಿ ನೆಟ್ಟಗಿತ್ತು, ಇದು ಸೇವೆಯಿಂದ ಬಂದದ್ದಲ್ಲ ಎನ್ನಲು ಮಂಡಳಿ ಒಂದು ಕಾರಣವನ್ನೂ ಕೊಟ್ಟಿಲ್ಲ ಎಂಬ, ನಿಜವಾಗಿ ಕೆಲಸಕ್ಕೆ ಬರುವ ಎರಡು ಮಾತುಗಳನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಸಂಘದ ಕಡೆ ಸುಳಿಯದಿರಲು ಕಾರಣ ನಿಮ್ಮದೇ: ಅದು ವರ್ಷಕ್ಕೊಮ್ಮೆ ಊಟ, ಹಾರ, ಭಾಷಣ ಏರ್ಪಡಿಸುವ ಮುದುಕರ ಕೂಟ, ಅಲ್ಲಿ ಹೋಗಿ ಕೈಯೊಡ್ಡುವುದು ಅಧಿಕಾರಿಯಾದವನಿಗೆ ತಕ್ಕುದಲ್ಲ ಎಂದುಕೊಂಡಿದ್ದೆ.

2014ರಲ್ಲಿ ಶಾಲೆಯ ಹಿರಿಯರೊಬ್ಬರನ್ನು ಕಾರಿನಲ್ಲಿ ಕರೆದೊಯ್ಯುವ ನೆಪದಿಂದ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿದ್ದ ಸಂಘದ ಕೋಣೆಗೆ ಹೋದೆ. ಅಲ್ಲಿ ಕಾಗದಪತ್ರ ನೋಡುತ್ತಿದ್ದವರು ಹೆಡ್ ಕ್ಲರ್ಕ್ ಆಗಿ ನಿವೃತ್ತರಾದ ಒಬ್ಬ ಸುಬೇದಾರ್ ಮೇಜರ್. ನನ್ನ ಫೈಲನ್ನು ಹಿಂದಿನಿಂದ ಮುಂದಕ್ಕೆ ತಿರುವಿ, ಕನ್ನಡಕ ತೆಗೆದಿಟ್ಟು, "ಸಾಹೇಬ್ರ, ತಪ್ಪು ತಿಳ್ಕೋಬ್ಯಾಡ್ರಿ. ಅರ್ಜಿ ಬ್ಯಾರೆ, ಅಪೀಲ್ ಬ್ಯಾರೆ. ಏಳು ವರ್ಷ ನೀವು ಬರೇ ಅರ್ಜಿ ಬರದೀರಿ" ಎಂದರು. ಚಹಾ ಆರಿಹೋಗುವವರೆಗೂ ನನಗೆ ಮಾತು ಹೊರಡಲಿಲ್ಲ.

ಅವರೇ ಮೇಲ್ಮನವಿಯ ಕರಡು ಬರೆದರು, ಎರಡು ಪುಟ. ತಡವಾಯಿತೆಂದು ಅದು ತಿರಸ್ಕೃತವಾದ ಮೇಲೆ 2016ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆವು. ಅಷ್ಟರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಮ್ಮ ಕೈಯಲ್ಲಿದ್ದವು. 2013ರ ಧರಮ್‌ವೀರ್ ಸಿಂಗ್ ಪ್ರಕರಣದ ಪ್ರಕಾರ, ಭರ್ತಿಯ ವೇಳೆ ದಾಖಲಾಗದ ಕಾಯಿಲೆ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆನ್ನುವ ಹೊಣೆ ಸರ್ಕಾರದ್ದು. 2014ರ ರಾಮ್ ಅವತಾರ್ ಪ್ರಕರಣದಿಂದ, ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಶೇಕಡಾ 50ಕ್ಕಿಂತ ಕೆಳಗಿನ ನ್ಯೂನತೆಯನ್ನು 50 ಎಂದೇ ಎಣಿಸುವ ಸೌಲಭ್ಯ ದೊರೆಯಿತು. ಪೂರ್ಣ ನ್ಯೂನತೆಗೆ ಕೊನೆಯ ವೇತನದ ಶೇಕಡಾ 30 ಎಂಬ ಲೆಕ್ಕದಲ್ಲಿ ನನಗೆ ಸಿಗಬೇಕಾದ್ದು ವೇತನದ ಶೇಕಡಾ 9 ಹೋಗಿ ಶೇಕಡಾ 15 ಆಯಿತು. ಗೆದ್ದೆ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪು ತಡವಾಗಿ ಬಂದವರಿಗೆ ಹಿಂಬಾಕಿಯನ್ನು ದಾವೆ ಹೂಡುವ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸುತ್ತದೆ. 2013ರಿಂದಾಚೆಗಿನದು ಬಂತು, 2007ರಿಂದ 2013ರವರೆಗಿನ ಆರು ವರ್ಷದ ಹಣ ನನ್ನ ಚೆಂದದ ಪತ್ರಗಳ ಜೊತೆ ಹೋಯಿತು. ನಮ್ಮ ಮನೆಯವರು ಇವತ್ತಿಗೂ ಆ ಲೆಟರ್‌ಹೆಡ್ಡಿನ ಉಳಿದ ಹಾಳೆಗಳ ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆಯುತ್ತಾರೆ.

'ನನಗೇನು ಲಾಭ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲಾಭವು ಸದಸ್ಯರಲ್ಲದವರಿಗೂ ಬರುತ್ತದೆ, ನನಗೆ ಬಂದಿದೆ. ನಾಲ್ಕನೆಯ ವೇತನ ಆಯೋಗವು 1986ರಿಂದ ಕ್ಯಾಪ್ಟನ್‌ನಿಂದ ಬ್ರಿಗೇಡಿಯರ್‌ವರೆಗೆ ರ‍್ಯಾಂಕ್ ಪೇ, ಅಂದರೆ ಹುದ್ದೆಗೆ ತಕ್ಕ ಹೆಚ್ಚುವರಿ ವೇತನ, ಎಂದು ಒಂದು ಕೈಯಲ್ಲಿ ಕೊಟ್ಟದ್ದನ್ನು, ಮೂಲ ವೇತನ ನಿಗದಿ ಮಾಡುವಾಗ ಇನ್ನೊಂದು ಕೈಯಲ್ಲಿ ಕಳೆಯಲಾಯಿತು. ಮೇಜರ್ ಧನಪಾಲನ್ ಒಬ್ಬರೇ ಕೇರಳ ಹೈಕೋರ್ಟಿಗೆ ಹೋಗಿ 1998ರಲ್ಲಿ ಗೆದ್ದರು, ಆದರೆ ಆ ಗೆಲುವಿನ ಹಣ ಸಿಕ್ಕಿದ್ದು ಅವರೊಬ್ಬರಿಗೆ. ಅದೇ ನ್ಯಾಯವನ್ನು ಎಲ್ಲರಿಗೂ ಕೊಡಿರೆಂದು ನಿವೃತ್ತ ಅಧಿಕಾರಿಗಳ ಸಂಘವೊಂದು ಸುಪ್ರೀಂ ಕೋರ್ಟಿನಲ್ಲಿ ಪಟ್ಟು ಹಿಡಿದ ಮೇಲೆ, 2012ರ ಸೆಪ್ಟೆಂಬರಿನಲ್ಲಿ ಆ ಮಾತು ಇತ್ಯರ್ಥವಾಯಿತು. 1986ರ ಜನವರಿಯಲ್ಲಿ ಕ್ಯಾಪ್ಟನ್ ಆಗಿದ್ದ ನನ್ನ ಖಾತೆಗೂ ಬಾಕಿ ಬಂದು ಬಿತ್ತು. ಆ ವರ್ಷವೂ ನಾನು ಸಂಘಗಳನ್ನು ಹಾಸ್ಯ ಮಾಡುತ್ತಲೇ ಇದ್ದೆ. 2015ರ ಬೇಸಿಗೆಯಲ್ಲಿ ಜಂತರ್ ಮಂತರ್‌ನಲ್ಲಿ ಕುಳಿತವರ ಫಲವಾದ ಸಮಾನ ಹುದ್ದೆ ಸಮಾನ ಪಿಂಚಣಿ, 2014ರ ಜುಲೈ 1ರಿಂದ ಲೆಕ್ಕ ಹಿಡಿದು, ಮನೆಯಲ್ಲೇ ಕುಳಿತವರಿಗೂ ಬಂತು.

ಸಂಘದ ಮೇಲೆ ನನಗೆ ತಕರಾರಿಲ್ಲವೆಂದಲ್ಲ. ಅಧಿಕಾರಿಗಳಿಗೆ ಮಾತ್ರ ಎಂಬ ಬೇಲಿ ನನಗೆ ಸೇರುವುದಿಲ್ಲ. ಧರಮ್‌ವೀರ್ ಸಿಂಗ್ ಒಬ್ಬ ಸಿಪಾಯಿ, ಆತನ ತೀರ್ಪಿನಿಂದಲೇ ಈ ಲೆಫ್ಟಿನೆಂಟ್ ಕರ್ನಲ್‌ನ ಕಿವಿಗೆ ಬೆಲೆ ಬಂತು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಬೆಳಗಾವಿಯ ಸುತ್ತ ಹಳ್ಳಿಹಳ್ಳಿಯಲ್ಲಿ ಜವಾನರ ವಿಧವೆಯರಿದ್ದಾರೆ. ನಾವು ಜಗಳವಾಡಿ, ಸಂಘದಲ್ಲಿ ಕಾಗದಪತ್ರ ನೋಡಿಕೊಡುವ ಭಾನುವಾರದ ಮೇಜನ್ನು ಎಲ್ಲರಿಗೂ ತೆರೆದೆವು. ಕಳೆದ ನವೆಂಬರಿನಲ್ಲಿ ಖಾನಾಪುರ ಕಡೆಯ ಅಜ್ಜಿಯೊಬ್ಬರು ಜೀವಂತ ಪ್ರಮಾಣಪತ್ರಕ್ಕೆ ಬಂದಿದ್ದರು. ಕಳೆ ಕಿತ್ತು ಕಿತ್ತು ಸವೆದ ಬೆರಳನ್ನು ಯಂತ್ರ ಆರು ಸಲವೂ ಒಪ್ಪಲಿಲ್ಲ. ಕೊನೆಗೆ ಹುಡುಗನೊಬ್ಬ ಮೊಬೈಲಿಗೆ ಅಜ್ಜಿಯ ಮುಖ ತೋರಿಸಿ ಮುಗಿಸಿದ. ಆಮೇಲೆ ನೋಡಿದರೆ ಸೇನೆಯ ದಾಖಲೆಯಲ್ಲಿ ಅವರ ಹೆಸರು ಗಂಗೂಬಾಯಿ, ಆಧಾರಿನಲ್ಲಿ ಗಂಗವ್ವ. ಗಂಡ ಬದುಕಿದ್ದಾಗ ಯೂನಿಟ್ಟಿನಿಂದ ಒಂದು ಪಾರ್ಟ್ ಟು ಆರ್ಡರ್, ಅಂದರೆ ಸೈನಿಕನ ಮನೆಮಂದಿಯ ವಿವರವನ್ನು ದಾಖಲೆಗೆ ಸೇರಿಸುವ ಆದೇಶ, ಹೊರಡಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಅಫಿಡವಿಟ್ಟು, ಸಾಕ್ಷಿ, ಓಡಾಟ. ನಿಮ್ಮ ಪತ್ನಿಯ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಇದೆಯೇ ಎಂದು ಸೇವೆಯಲ್ಲಿರುವಾಗಲೇ ನೋಡಿ. ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಆಮೇಲೆ ತಿದ್ದಿಸುವುದು ಸುಲಭವಲ್ಲ.

ನಿವೃತ್ತಿಯ ದಿನದವರೆಗೆ ಯಾವ ಸಂಘದ ಮನವಿಗೂ ಸಹಿ ಹಾಕಬೇಡಿ, ಸೇನಾ ಕಾಯ್ದೆಯಡಿ ಸಮವಸ್ತ್ರದಲ್ಲಿರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಮರುದಿನವೇ ಸೇರಿ. ವಾಟ್ಸಾಪ್ ಗುಂಪಿನ ಪಂಡಿತರನ್ನು ನಂಬಬೇಡಿ, ಅವರಲ್ಲಿ ಅರ್ಧ ಜನ ನನ್ನ ಹಾಗೆ ಅರ್ಜಿ ಬರೆಯುವವರು. ವೈದ್ಯಕೀಯ ಮಂಡಳಿಯ ವರದಿಯ ಪ್ರತಿಯನ್ನು ಕೈಗೆ ಪಡೆಯದೆ ಯೂನಿಟ್ ಬಿಡಬೇಡಿ, ನಾನಾ ಎಂದು ಬರೆದಿದ್ದರೆ ನಿರಾಕರಣೆಯ ಪತ್ರ ಕೈಸೇರಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ವಿಜಯಪುರದಿಂದ ಬೆಳಗಾವಿಗೆ ಬರುವುದಾದರೆ ಭಾನುವಾರ ಬೆಳಿಗ್ಗೆ ಬನ್ನಿ. ಸುಬೇದಾರ್ ಮೇಜರ್ ಸಾಹೇಬರು ಹತ್ತು ಗಂಟೆಗೆ ಬರುತ್ತಾರೆ. ವರದಿಯ ಎರಡು ಜೆರಾಕ್ಸ್ ತನ್ನಿ, ಮತ್ತು ದಯವಿಟ್ಟು ನನ್ನ ಬಲಗಡೆಯ ಕುರ್ಚಿಯಲ್ಲಿ ಕುಳಿತುಕೊಳ್ಳಿ.