ಚಳಿಗಾಲದ ಚಿನೂಕ್ ತಳ ಬಿಟ್ಟು ಮೇಲೆ ಬರುವುದಿಲ್ಲ

ಪ್ರಶ್ನೆ: ವ್ಯಾಂಕೂವರ್ ಪಕ್ಕದ ಹೌ ಸೌಂಡ್ ಕೊಲ್ಲಿಯಲ್ಲಿ ಆಗಸ್ಟ್‌ನಲ್ಲಿ 50 ಅಡಿ ಆಳದಲ್ಲೇ ಸಾಲ್ಮನ್ ಸಿಕ್ಕಿತ್ತು. ಜನವರಿಯಲ್ಲಿ ಅದೇ ಜಾಗ, ಅದೇ ಸ್ಪೂನ್ (ಚಮಚದಾಕಾರದ ಲೋಹದ ಹುಸಿ ಮೀನು). ಮೂರು ಸಲ ಹೋದರೂ ಬರಿಗೈ. ತಪ್ಪೆಲ್ಲಿ?

ಉತ್ತರ: ಆಳದಲ್ಲಿ. ಬೇಸಿಗೆಯಲ್ಲಿ ನಿಮಗೆ ಸಿಕ್ಕಿದ್ದು ಮೊಟ್ಟೆಯಿಡಲು ನದಿಗೆ ಮರಳುತ್ತಿದ್ದ ಮೀನು. ಚಳಿಗಾಲದ್ದು ಇನ್ನೂ ಬೆಳೆಯುತ್ತಿರುವ ಚಿನೂಕ್ ಜಾತಿಯ ಸಾಲ್ಮನ್. ನಿಮ್ಮಲ್ಲಿ ವಿಂಟರ್ ಸ್ಪ್ರಿಂಗ್, ಗಡಿಯಾಚೆ ಸಿಯಾಟಲ್ ಕಡೆ ವಸಡು ಕಪ್ಪಗಿರುವುದರಿಂದ ಬ್ಲ್ಯಾಕ್‌ಮೌತ್. ಅದಕ್ಕೆ ಮೇವೇ ಮುಖ್ಯ: ಹೆರಿಂಗ್ (ನಮ್ಮ ಬೂತಾಯಿಯ ದಾಯಾದಿ) ಮತ್ತು ಮರಳಿನಲ್ಲಿ ಹುದುಗುವ ಸ್ಯಾಂಡ್ ಲ್ಯಾನ್ಸ್. ಹಾಗಾಗಿ 100ರಿಂದ 180 ಅಡಿ ನೀರಿನಲ್ಲಿ, ತಳದಿಂದ ಐದು–ಹತ್ತು ಅಡಿ ಮೇಲೆ ಗಾಳ ಸಾಗಬೇಕು.

ಡೌನ್‌ರಿಗರ್‌ನ (ತಂತಿಗೆ ಕಟ್ಟಿದ ಭಾರದ ಗುಂಡಿನಿಂದ ಗಾಳವನ್ನು ಆಳಕ್ಕಿಳಿಸುವ ರಾಟೆ) ಅಂಕಿಯನ್ನು ನಂಬಬೇಡಿ. ತಂತಿ 45 ಡಿಗ್ರಿ ಹಿಂದಕ್ಕೆ ವಾಲಿದ್ದರೆ 150 ಅಡಿ ಬಿಟ್ಟರೂ ಗುಂಡು ಇಳಿದಿರುವುದು 106 ಅಡಿಗೆ ಮಾತ್ರ. 10 ಪೌಂಡಿನ ಗುಂಡು ಈ ಕೆಲಸಕ್ಕೆ ಹಗುರ, 15 ಪೌಂಡಿನದು ಹಾಕಿ. ಗುಂಡು ತಳ ಮುಟ್ಟಿದಾಗ ತಂತಿ ಸಡಿಲವಾಗುತ್ತದೆ. ಅಲ್ಲಿಂದ ಐದು ಅಡಿ ಎತ್ತಿ. ತಳ ಏರಿಳಿದಂತೆಲ್ಲ ಮತ್ತೆ ಮುಟ್ಟಿಸಿ ನೋಡಿ. ಬೇಸರದ ಕೆಲಸ, ಆದರೆ ಮೀನು ಸಿಗುವುದೂ ಇದರಿಂದಲೇ. ಗುಂಡು ಬಂಡೆಗೆ ಸಿಕ್ಕಿದರೆ ಬ್ರೇಕ್ ಸಡಿಲಿಸಿ, ದೋಣಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಂದು ಎದುರು ದಿಕ್ಕಿನಿಂದ ಎಳೆಯಿರಿ.

ಗಾಳದ ದಾರವನ್ನು ತಂತಿಗೆ ಹಿಡಿದಿಟ್ಟು, ಮೀನು ಎಳೆದಾಗ ಬಿಡುವ ಕ್ಲಿಪ್‌ನಿಂದ 15–20 ಅಡಿ ಹಿಂದೆ 11 ಇಂಚಿನ ಫ್ಲ್ಯಾಷರ್ (ನೀರಿನಲ್ಲಿ ತಿರುಗುತ್ತ ಹೊಳೆಯುವ ಪಟ್ಟಿ), ಅದರ ಹಿಂದೆ 5–6 ಅಡಿ ಲೀಡರ್ ಎಂಬ ತುಂಡು ದಾರ, ತುದಿಗೆ ಮೂರೂವರೆ ಇಂಚಿನ ಸ್ಪೂನ್. ಬೇಸಿಗೆಯ ದೊಡ್ಡ ಸ್ಪೂನ್ ಬೇಡ, ಈಗಿನ ಮೇವು ಸಣ್ಣದು. ಹೂಚಿ (ಪ್ಲಾಸ್ಟಿಕ್ಕಿನ ಹುಸಿ ಸ್ಕ್ವಿಡ್) ಕಟ್ಟುವುದಾದರೆ ಲೀಡರ್ 36–42 ಇಂಚು ಸಾಕು; ಹೂಚಿ ತಾನಾಗಿ ಕುಣಿಯದು, ಫ್ಲ್ಯಾಷರ್ ಕುಣಿಸಬೇಕು. ವೇಗ 2–2.5 ನಾಟ್. ಉಬ್ಬರ ತಿರುಗುವ ಹೊತ್ತಿನ ಹಿಂದುಮುಂದಿನ ಒಂದು ಗಂಟೆ ಬಿಡಬೇಡಿ. ಸೆಳೆತದ ಜೊತೆಗೇ ಸಾಗಿ.

ಪ್ರಶ್ನೆ: ಕೋಲು ಅಲುಗಿದ್ದೇ ಕಾಣದು, ಎತ್ತಿದರೆ ಗೇಣುದ್ದದ ಮರಿ ಸತ್ತಿರುತ್ತದೆ. ಏನು ಮಾಡಲಿ?

ಉತ್ತರ: ಮರಿಗೆ ಕ್ಲಿಪ್ ಬಿಡಿಸುವಷ್ಟು ಬಲವಿಲ್ಲ. ಕೋಲಿನ ತುದಿ ಫ್ಲ್ಯಾಷರ್‌ನ ತಾಳಕ್ಕೆ ಒಂದೇ ಸಮ ಮಿಡಿಯುತ್ತಿರಬೇಕು. ತಾಳ ತಪ್ಪಿದರೆ ಮರಿಯೋ ಕಳೆಯೋ ಸಿಕ್ಕಿದೆ ಎಂದರ್ಥ. ತಪ್ಪದಿದ್ದರೂ 15–20 ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಮುಳ್ಳಿಲ್ಲದ ಕೊಕ್ಕೆ ಕಾನೂನೂ ಹೌದು, ಅನುಕೂಲವೂ ಹೌದು: ಮರಿಯನ್ನು ನೀರಿನಿಂದ ಎತ್ತದೆ, ಕೈ ತಾಗಿಸದೆ, ಕೊಕ್ಕೆ ತಿರುಗಿಸಿ ಬಿಟ್ಟುಬಿಡಬಹುದು. ಬ್ರಿಟಿಷ್ ಕೊಲಂಬಿಯಾದಲ್ಲಿ ಮೂತಿಯಿಂದ ಬಾಲದ ಕವಲಿನವರೆಗೆ ಅಳೆಯುತ್ತಾರೆ, ಬಾಲದ ತುದಿಯವರೆಗಲ್ಲ. ಹೌ ಸೌಂಡ್ ಮೀನುಗಾರಿಕೆಯ ವಲಯಗಳಲ್ಲಿ ಏರಿಯಾ 28ಕ್ಕೆ ಸೇರಿದ್ದು. ಅಲ್ಲಿನ ಅಳತೆ, ಮಿತಿಯನ್ನು ಹೊರಡುವ ದಿನವೇ ನೋಡಿಕೊಳ್ಳಿ. ಇಟ್ಟುಕೊಂಡ ಚಿನೂಕನ್ನು ಕೂಡಲೇ ಲೈಸೆನ್ಸ್‌ನಲ್ಲಿ ದಾಖಲಿಸಬೇಕು. ಕಿವಿರು ಕೊಯ್ದು ರಕ್ತ ಬಸಿದು ಮಂಜುಗಡ್ಡೆಯಲ್ಲಿಡಿ.

ಪ್ರಶ್ನೆ: ಕಾರವಾರದ ರಾವಸ್ ಕೂಡ ಸಾಲ್ಮನ್ ತಾನೆ?

ಉತ್ತರ: ಅಲ್ಲ. ‘ಇಂಡಿಯನ್ ಸಾಲ್ಮನ್’ ಎಂಬುದು ಮಾರಾಟದ ಹೆಸರು. ಎದೆಯ ಈಜುರೆಕ್ಕೆಯ ಕೆಳಗೆ ದಾರದಂಥ ಎಳೆಗಳಿರುವ ಬೇರೆಯೇ ಕುಲದ ಮೀನದು. ಸಾರಿಗೆ ಮಾತ್ರ ನಮ್ಮ ಮತ ರಾವಸ್‌ಗೇ.